ಮೈಸೂರಿನಿಂದ ಮಡಿಕೇರಿಗೆ ಒಂದು ದಿನ: ಕಾರಾ, ಬಸ್ಸಾ?

ಒಂದೇ ವರ್ಷದಲ್ಲಿ ಎರಡು ಸಲ ಮಡಿಕೇರಿಗೆ ಹೋಗಿ ಅದೇ ದಿನ ವಾಪಸ್ ಬಂದೆ. ಮೊದಲ ಸಲ ಮನೆಯವರೆಲ್ಲ ಕಾರಲ್ಲಿ. ಎರಡನೇ ಸಲ ನಾನು, ತಂಗಿ ಇಬ್ಬರೇ ಸರ್ಕಾರಿ ಬಸ್ಸಲ್ಲಿ. ಕೊಡಗು ಆಳಿದ ಹಾಲೇರಿ ಅರಸರ ಈ ಊರನ್ನು ನಾನು ನಿಜವಾಗಿ ನೋಡಿದ್ದು ಬಸ್ಸಲ್ಲಿ ಹೋದ ದಿನವೇ.

ದಾರಿ ಸುಮಾರು 120 ಕಿ.ಮೀ. ಕಾರಿದ್ದರೆ ಅಲ್ಲಲ್ಲಿ ನಿಲ್ಲಿಸುವ ಆಸೆ ಜಾಸ್ತಿ. ಬೈಲಕುಪ್ಪೆಯಲ್ಲಿ ಗೋಲ್ಡನ್ ಟೆಂಪಲ್, ಕುಶಾಲನಗರದ ಹತ್ತಿರ ನಿಸರ್ಗಧಾಮ ಅಂತ ಇಳಿದು ಹತ್ತಿ, ಮಡಿಕೇರಿ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ಅವತ್ತು ಭಾನುವಾರ ಬೇರೆ. ಕಣಿವೆ ಕಾಣುವ ರಾಜಾಸೀಟ್ ಉದ್ಯಾನದ ಹತ್ತಿರ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೋಟೆಯನ್ನು ಕಿಟಕಿಯಿಂದ ನೋಡಿದ್ದಷ್ಟೇ.

ಬಸ್ಸಿಗೆ ಬೆಳಿಗ್ಗೆ ಆರಕ್ಕೆ ಹತ್ತಿದೆವು. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಲ್ಲಿ ನಮ್ಮಿಬ್ಬರಿಗೂ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಐರಾವತಕ್ಕೆ ಇದು ಇಲ್ಲ, ನೆನಪಿರಲಿ. ಬಸ್ ಸ್ಟ್ಯಾಂಡಿನಿಂದ ಕೋಟೆಗೆ ನಡೆದೇ ಹೋದೆವು. 1681ರಲ್ಲಿ ಹಾಲೇರಿ ಅರಸ ಮುದ್ದುರಾಜ ಇಲ್ಲಿಗೆ ರಾಜಧಾನಿ ತಂದ. ಆಗಿನ ಮಣ್ಣಿನ ಕೋಟೆಯನ್ನು ಆಮೇಲೆ ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗಿನ ಅರಮನೆಗೆ ಈಗಿನ ರೂಪ ಬಂದದ್ದು 1812-14ರಲ್ಲಿ, ಇಮ್ಮಡಿ ಲಿಂಗರಾಜೇಂದ್ರನ ಕಾಲದಲ್ಲಿ. ಅಂಗಳದ ಎರಡು ಗಾರೆ ಆನೆಗಳ ಪಕ್ಕ ತಂಗಿ ಎಷ್ಟೋ ಹೊತ್ತು ನಿಂತಿದ್ದಳು. ನಿಜವಾದ ಆನೆಯಷ್ಟೇ ಎತ್ತರ ಇವೆ!

ಅಲ್ಲಿಂದ ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿದು, ಆಮೇಲೆ ಗದ್ದಿಗೆಗೆ ಹೋದೆವು. ಗದ್ದಿಗೆ ಅಂದರೆ ಅರಸರ ಸಮಾಧಿ. ನಡುವೆ ಗುಂಬಜ್, ನಾಲ್ಕು ಮೂಲೆಗೆ ಮಿನಾರು. ಸ್ವಲ್ಪ ಹೊತ್ತಿಗೆ ಮುಂಚೆ ದೇವಸ್ಥಾನದಲ್ಲೂ ಇದೇ ಗುಂಬಜ್ ನೋಡಿದ್ದೆವಲ್ವಾ ಅಂತ ಆಗ ಹೊಳೆಯಿತು. ದೇವಸ್ಥಾನ ಕಟ್ಟಿಸಿದ ಲಿಂಗರಾಜೇಂದ್ರನೇ ಇಲ್ಲಿ ಮಲಗಿದ್ದಾನೆ. ಶಿವಭಕ್ತ ಅರಸರು ದೇವರಿಗೂ ತಮಗೂ ಒಂದೇ ಥರದ ಸೂರು ಬಯಸಿದ್ದರೇನೋ ಅನಿಸಿತು. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗದಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ರಾಜಾಸೀಟ್ ಎರಡೂ ಸಲ ನೋಡಿದೆವು. ಮಂಜು ಇದ್ದರೆ ಚೆನ್ನ, ಜನ ಇದ್ದರೆ ಕಷ್ಟ.

ಬಸ್ಸಿನ ಕಷ್ಟವೂ ಹೇಳಬೇಕು. ವಾಪಸ್ ಬರುವಾಗ ಕುಶಾಲನಗರದವರೆಗೆ ನಿಂತೇ ಬಂದೆವು. ಊರೆಲ್ಲ ಏರು, ಇಳಿಜಾರು. ಮಂಡಿನೋವಿರುವ ಅಮ್ಮನನ್ನು ಹೀಗೆ ನಡೆಸಲು ಆಗುವುದಿಲ್ಲ. ಅವರ ಜೊತೆ ಹೋಗುವುದಾದರೆ ಕಾರೇ ಬೇಕು. ಆದರೆ ದಾರಿಯಲ್ಲಿ ಎಲ್ಲೂ ನಿಲ್ಲಿಸದೆ, ಮೊದಲು ಕೋಟೆ ನೋಡಿ.

ಕಕ್ಕಬ್ಬೆಯ ನಾಲ್ಕುನಾಡು ಅರಮನೆಗೂ ಕಾರೇ ಸರಿ. ಇದೇ ಅರಸುಮನೆತನದ ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಅದಕ್ಕೆ ಬೇರೆ ದಿನವೇ ಇಟ್ಟುಕೊಂಡು, ಗೋಣಿಕೊಪ್ಪ, ವಿರಾಜಪೇಟೆ ದಾರಿಯಲ್ಲಿ ಸೀದಾ ಹೋಗಿ.