ಏರ್‌ಪೋರ್ಟ್ ಸೆಕ್ಯುರಿಟಿ ಚೆಕ್: ಕೆಲಸಕ್ಕೆ ನಾಲ್ಕು ಸ್ಟಾರ್, ಮಾತಿಗೆ ಎರಡು

ಹಾಸನದವರು ವಿಮಾನ ಹತ್ತಬೇಕು ಅಂದರೆ ಹೆಚ್ಚಾಗಿ ಬೆಂಗಳೂರೇ ಗತಿ. ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಕೇಳುತ್ತಲೇ ನಮಗೆ ವಯಸ್ಸಾಯಿತು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ದೇವನಹಳ್ಳಿ ಮುಟ್ಟಿ, ಸಾಲಿನಲ್ಲಿ ನಿಂತು ಬೆಲ್ಟು ಬಿಚ್ಚುವಾಗ "ಮುಂದೆ ಹೋಗಿ, ಮುಂದೆ ಹೋಗಿ" ಅಂತ ಯಾರೋ ಗದರಿದರೆ ಸಿಟ್ಟು ಬರದೇ ಇರುತ್ತಾ? ಹೋಟೆಲಿಗೆಲ್ಲ ಸ್ಟಾರ್ ಕೊಡುತ್ತೇವೆ, ಇದಕ್ಕೂ ಕೊಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಅಲ್ಲಿ ನಿಂತಿರುವವರು ಯಾರು ಅಂತ ತಿಳಿಯಬೇಕು. ಅವರು ವಿಮಾನ ಕಂಪನಿಯವರಲ್ಲ, ಏರ್‌ಪೋರ್ಟ್ ನಡೆಸುವವರೂ ಅಲ್ಲ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಈ ಕೆಲಸ ಸಿಐಎಸ್‌ಎಫ್‌ನದು, ಅಂದರೆ ಕೇಂದ್ರ ಸರ್ಕಾರದ ಪಡೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರಲ್ಲ, ಅದಾದ ಮೇಲೆ 2000ದಲ್ಲಿ ಜೈಪುರದಿಂದ ಶುರುಮಾಡಿ ಒಂದೊಂದೇ ಏರ್‌ಪೋರ್ಟನ್ನು ಇವರ ಕೈಗೆ ಕೊಟ್ಟರು. ಏನು ಬಿಡಬೇಕು, ಏನು ಬಿಡಬಾರದು ಅಂತ ನಿಯಮ ಮಾಡೋದು ಬಿಸಿಎಎಸ್ ಅನ್ನುವ ಬೇರೆ ಇಲಾಖೆ. ಟ್ರೇ ಪಕ್ಕ ನಿಂತವರ ಹತ್ತಿರ ನಿಯಮದ ಬಗ್ಗೆ ಜಗಳ ಆಡೋದು, ಬಸ್ಸಿನ ಕಂಡಕ್ಟರ್ ಹತ್ತಿರ ಡೀಸೆಲ್ ದರಕ್ಕೆ ಜಗಳ ಆಡಿದ ಹಾಗೆ.

ನನಗೆ ನಿಜವಾಗಲೂ ಮೆಚ್ಚುಗೆ ಇರೋದು ಬ್ಯಾಗು ನೋಡುವ ಎಕ್ಸ್‌ರೇ ಮಷೀನಿನ ಸ್ಕ್ರೀನ್ ಮುಂದೆ ಕೂತವರ ಮೇಲೆ. ಅವರಿಗೆ ಬ್ಯಾಗಿನ ಒಳಗಿನ ವಸ್ತು ಬಣ್ಣದಲ್ಲಿ ಕಾಣುತ್ತೆ. ಊಟ, ಬಟ್ಟೆ, ಕಾಗದದಂಥವು ಕಿತ್ತಳೆ. ಗಟ್ಟಿ ಲೋಹ ನೀಲಿ. ನಡುವಿನವು ಹಸಿರು. ಸ್ಫೋಟಕಗಳೂ ಬಹುತೇಕ ಕಿತ್ತಳೆಯಾಗಿಯೇ ಕಾಣುತ್ತವೆ, ತೊಂದರೆ ಇರೋದೇ ಅಲ್ಲಿ. ಈಗ ನಮ್ಮ ಬ್ಯಾಗು ನೆನಪು ಮಾಡಿಕೊಳ್ಳಿ. ಎರಡು ಕೆಜಿ ಕಾಫಿಪುಡಿ, ಸಾರಿನಪುಡಿ, ಚಟ್ನಿಪುಡಿ, ಎಲ್ಲವನ್ನೂ ಒತ್ತೊತ್ತಿ ತುಂಬಿ, ಮೇಲೆ ಚಾರ್ಜರ್ ವೈರು ಸುತ್ತಿ ಇಟ್ಟಿರುತ್ತೇವೆ. ಚಿಕ್ಕಮಗಳೂರು ಕಡೆಯವರ ಬ್ಯಾಗನ್ನು ಪಕ್ಕಕ್ಕೆ ಎಳೆಯೋದು ದ್ವೇಷದಿಂದಲ್ಲ ಸ್ವಾಮಿ, ಆ ಕಿತ್ತಳೆ ಗುಡ್ಡೆ ಏನು ಅಂತ ಬಿಚ್ಚಿ ನೋಡದೆ ಅವರಿಗೆ ಗೊತ್ತಾಗಲ್ಲ. ಪುಡಿಗಳನ್ನು ಮೇಲೇ ಇಟ್ಟುಕೊಂಡರೆ ಕೆಲಸ ಬೇಗ ಮುಗಿಯುತ್ತೆ. ಹಳೇ ಮಷೀನುಗಳಲ್ಲಿ ಲ್ಯಾಪ್‌ಟಾಪ್ ಹೊರಗೆ ತೆಗೆಸೋದೂ ಇದಕ್ಕೇ, ಅದರ ಬ್ಯಾಟರಿ ತನ್ನ ಕೆಳಗಿರೋದನ್ನೆಲ್ಲ ಮರೆಮಾಡುತ್ತೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಈ ಮಷೀನುಗಳಲ್ಲಿ ಆಗಾಗ ಸುಳ್ಳು ಚಿತ್ರ ತೂರಿಸುವ ವ್ಯವಸ್ಥೆ ಇರುತ್ತೆ. ನಿಮ್ಮ ಬ್ಯಾಗಿನಲ್ಲಿ ಇಲ್ಲದ ಪಿಸ್ತೂಲು ಸ್ಕ್ರೀನಿನಲ್ಲಿ ಮೂಡುತ್ತೆ, ಕೂತವರು ಅದನ್ನು ಹಿಡಿಯಬೇಕು, ಬಿಟ್ಟರೆ ಲೆಕ್ಕಕ್ಕೆ ಬರುತ್ತೆ. ಅಂದರೆ ಕೆಲಸದ ನಡುವೆಯೇ ಪರೀಕ್ಷೆ. ಕಣ್ಣು ಸೋಲುತ್ತೆ ಅಂತ ಸುಮಾರು 20 ನಿಮಿಷಕ್ಕೊಮ್ಮೆ ಆಳು ಬದಲಾಯಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ. ನಮಗೆ ಮೊಬೈಲಿನಲ್ಲಿ ರೀಲ್ಸ್ ನೋಡೋಕೂ ಅಷ್ಟು ಗಮನ ಇರಲ್ಲ, ಬಿಡಿ.

ಸರಿ, ಮಾತಿನ ವಿಷಯ. ಇಲ್ಲೇ ಸ್ಟಾರ್ ಕಡಿಮೆಯಾಗೋದು. ಒಂದು ಏರ್‌ಪೋರ್ಟಿನಲ್ಲಿ, ಹೆಸರು ಬೇಡ, ನನ್ನ ಮುಂದೆ ಅರಸೀಕೆರೆ ಕಡೆಯ ಅಜ್ಜಿಯೊಬ್ಬರು ಇದ್ದರು. ಮಗಳ ಮನೆಗೆ ಅಂತ ಚೀಲದ ತುಂಬ ಕೊಬ್ಬರಿ ಗಿಟುಕು. ಎದುರಿನವರು ಹಿಂದಿಯಲ್ಲಿ ಏನೋ ಕೇಳಿದರು. ಅಜ್ಜಿ "ಕೊಬ್ಬರಿ ಕಣಪ್ಪ, ನಮ್ಮ ತೋಟದ್ದೇ" ಅಂದರು. ಅವರು ತಲೆ ಅಲ್ಲಾಡಿಸಿ ತೆಗೆದಿಟ್ಟರು, ಅಷ್ಟೇ. ನಿಯಮ ಸರಿಯೇ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ 1363ನೇ ನಂಬರಾಗಿ ಕೂತಿದೆ. ಆದರೆ ಇದನ್ನು ಆ ಅಜ್ಜಿಗೆ ಹೇಳಿದವರು ಯಾರು? ಹಿಂದೆ ನಿಂತಿದ್ದ ಹುಡುಗಿಯೊಬ್ಬಳು "ಬೆಂಕಿ ಹತ್ತುತ್ತಂತೆ ಅಜ್ಜಿ, ಅದಕ್ಕೆ ಬಿಡಲ್ಲ" ಅಂದಾಗ ಅವರು "ಹೌದಾ, ಮೊದಲೇ ಹೇಳಬಾರದಾ" ಅಂತ ಸುಮ್ಮನಾದರು. ಒಂದು ವಾಕ್ಯ ಸಾಕಿತ್ತು. ಸಿಬ್ಬಂದಿ ದೇಶದ ಎಲ್ಲ ಕಡೆಯಿಂದ ವರ್ಗವಾಗಿ ಬರುತ್ತಾರೆ, ಎಲ್ಲರಿಗೂ ಕನ್ನಡ ಬರಬೇಕು ಅನ್ನಲ್ಲ. ಕೊಬ್ಬರಿ, ಲೈಟರ್, ಬೆಂಕಿಪೊಟ್ಟಣದ ಚಿತ್ರ ಹಾಕಿ ಕನ್ನಡದಲ್ಲಿ ದೊಡ್ಡ ಬೋರ್ಡು ಇಡೋಕೆ ಏನು ಕಷ್ಟ? ಅದೂ ಸಾಲಿನ ಕೊನೆಯಲ್ಲಲ್ಲ, ದೊಡ್ಡ ಬ್ಯಾಗು ಕೊಡುವ ಕೌಂಟರಿಗಿಂತ ಮೊದಲೇ.

ಮೈ ತಪಾಸಣೆ ಬಗ್ಗೆ ಹೆಚ್ಚು ದೂರಿಲ್ಲ. ನಮ್ಮಲ್ಲಿ ಬಾಗಿಲಿನ ಮಷೀನ್ ಕೂಗಲಿ, ಬಿಡಲಿ, ಸಾಮಾನ್ಯವಾಗಿ ಕೈ ಮಷೀನಿನಿಂದ ಎಲ್ಲರನ್ನೂ ನೋಡುತ್ತಾರೆ, ಹಾಗಾಗಿ ನನ್ನನ್ನೇ ಯಾಕೆ ಅಂತ ಬೇಜಾರು ಬೇಡ. ಹೆಂಗಸರಿಗೆ ಪರದೆಯ ಒಳಗೆ ಹೆಂಗಸರೇ. ಮೊಣಕಾಲಿಗೆ ಸ್ಟೀಲ್ ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು ಮೊದಲೇ ಹೇಳಿಬಿಡಬೇಕು. ಡಿಜಿಯಾತ್ರಾ ಇದ್ದರೆ ಇದೆಲ್ಲ ಇರಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಮುಖ ನೋಡಿ ಗೇಟು ತೆಗೆಯೋದಕ್ಕೆ ಮಾತ್ರ, ತಪಾಸಣೆ ಎಲ್ಲರಿಗೂ ಒಂದೇ.

ಪವರ್ ಬ್ಯಾಂಕ್ ಮಾತ್ರ ದೊಡ್ಡ ಬ್ಯಾಗಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಅದರ ಶಕ್ತಿ 100 ವ್ಯಾಟ್ ಅವರ್ ಒಳಗಿದ್ದರೆ ಸಾಕು, ಸಾಮಾನ್ಯ 20,000 ಎಂಎಎಚ್‌ನದು ಸುಮಾರು 74 ವ್ಯಾಟ್ ಅವರ್ ಬರುತ್ತೆ. ಪವರ್ ಬ್ಯಾಂಕ್ ಮೇಲೆ ಬರೆದಿರುವ ಈ ಅಂಕಿ ಅಳಿಸಿಹೋಗಿದ್ದರೆ ಮಾತ್ರ, ಎಷ್ಟರದು ಅಂತ ಅವರು ಕೇಳೋ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲ್ಲ.