ಹೋಟೆಲ್ ರೂಮಿಗೆ ಯಾವ ಇಂಟರ್ನೆಟ್: ಹಾಟ್‌ಸ್ಪಾಟ್, ಡಾಂಗಲ್, ಹೋಟೆಲ್ ವೈಫೈ, ಟ್ರಾವೆಲ್ ರೌಟರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರಾವೆಲ್ ರೌಟರ್‌ಗೆ, ಅಂದರೆ ಹೋಟೆಲ್ ನೆಟ್ ತಗೊಂಡು ನಮ್ಮದೇ ವೈಫೈ ಬಿಡುವ ಪುಟ್ಟ ಡಬ್ಬಕ್ಕೆ. ಮಿಕ್ಕ ಮೂರನ್ನೂ ಚೆನ್ನಾಗಿ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಈಗಲೂ ಒಂದೊಂದು ಸಲ ಅವೇ ಕೈ ಹಿಡಿಯುತ್ತವೆ. ಆದರೆ ಪುಣೆ, ಹೈದರಾಬಾದ್, ಚೆನ್ನೈ, ಗುರುಗ್ರಾಮ ಅಂತ ಕ್ಲೈಂಟ್ ಆಫೀಸುಗಳಿಗೆ ಓಡಾಡಿಕೊಂಡು, ರಾತ್ರಿ ರೂಮಿಗೆ ಬಂದ ಮೇಲೆ ಬೋರ್ಡು, ವೈರು, ಸೆನ್ಸಾರ್ ಹರಡಿಕೊಂಡು ಕೂರುವವರಿಗೆ ಇದರಷ್ಟು ಕೆಲಸಕ್ಕೆ ಬರುವ ವಸ್ತು ಇನ್ನೊಂದಿಲ್ಲ.

ನನಗೆ ಏನು ಬೇಕು ಅನ್ನೋದನ್ನು ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಆಫೀಸಿನ ಲ್ಯಾಪ್‌ಟಾಪ್, ಎರಡು ಫೋನು, ಓದಲು ಒಂದು ಟ್ಯಾಬ್, ಟಿವಿಗೆ ಚುಚ್ಚುವ ಸ್ಟಿಕ್. ಜೊತೆಗೆ ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಅಂದರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಸದಾ ಬ್ಯಾಗಿನಲ್ಲಿ ಇರುತ್ತದೆ. ಇನ್ನು ಬೆಂಗಳೂರಿನ ಮನೆಯಲ್ಲಿ ಒಂದು ಪೈ 4 ಇಪ್ಪತ್ನಾಲ್ಕು ಗಂಟೆ ಓಡುತ್ತಿರುತ್ತದೆ. ಅದರ ಮೇಲೆ ಹೋಮ್ ಅಸಿಸ್ಟೆಂಟ್, ಮನೆಯ ಸೆನ್ಸಾರ್‌ಗಳನ್ನೆಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್. ಮಹಡಿ ಮೇಲಿನ ಟ್ಯಾಂಕಿನ ಮುಚ್ಚಳದ ಕೆಳಗೆ ಒಂದು ಅಲ್ಟ್ರಾಸಾನಿಕ್ ಸೆನ್ಸಾರ್ ಕೂರಿಸಿದ್ದೇನೆ, ನೀರು ಎಷ್ಟಿದೆ ಅಂತ ಅದು ಹೇಳುತ್ತದೆ. ಅಮ್ಮನಿಗೆ ಆ್ಯಪ್ ಎಲ್ಲ ಬೇಡ. ಫೋನ್ ಮಾಡಿ "ಟ್ಯಾಂಕ್ ನೋಡಿ ಹೇಳೋ, ಮೋಟಾರ್ ಹಾಕ್ಲಾ?" ಅಂತ ಕೇಳುತ್ತಾರೆ. ನಾನು ಪುಣೆಯ ರೂಮಿನಿಂದ ನೋಡಿ ಹೇಳುತ್ತೇನೆ. ಹಾಗಾಗಿ ನನಗೆ ಬೇಕಿರುವುದು ಬರೀ ಸ್ಪೀಡ್ ಅಲ್ಲ. ನನ್ನ ಸಾಮಾನುಗಳೆಲ್ಲ ಒಂದೇ ನೆಟ್‌ವರ್ಕಿನಲ್ಲಿ ಒಂದಕ್ಕೊಂದು ಕಾಣಬೇಕು, ಮನೆಯೂ ಕಾಣಬೇಕು.

ಫೋನ್ ಹಾಟ್‌ಸ್ಪಾಟ್‌ನಿಂದ ಶುರು ಮಾಡೋಣ. ಒಂದು ರಾತ್ರಿಯ ಪ್ರಯಾಣಕ್ಕೆ ಇದಕ್ಕಿಂತ ಸುಲಭ ಬೇರೆ ಇಲ್ಲ. 2022ರ ಅಕ್ಟೋಬರ್‌ನಲ್ಲಿ 5ಜಿ ಬಂದ ಮೇಲೆ ಸ್ಪೀಡಿಗೂ ಕೊರತೆ ಇಲ್ಲ. ತೊಂದರೆ ಶುರುವಾಗುವುದು ರೂಮಿನ ಒಳಗೆ. 5ಜಿ ಅನ್‌ಲಿಮಿಟೆಡ್ ಅನ್ನುವುದು ಫೋನು 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ದಪ್ಪ ಗಾಜು, ಕಾಂಕ್ರೀಟ್ ಗೋಡೆ ದಾಟಿ 5ಜಿ ಸಿಗ್ನಲ್ ಸರಿಯಾಗಿ ಒಳಗೆ ಬರುವುದಿಲ್ಲ, ಫೋನು ಸದ್ದಿಲ್ಲದೆ 4ಜಿಗೆ ಇಳಿಯುತ್ತದೆ, ಅಲ್ಲಿಂದ ದಿನದ 2 ಜಿಬಿ ಕರಗಲು ಶುರು. ಲ್ಯಾಪ್‌ಟಾಪಿಗೆ ಒಂದು ಅಪ್‌ಡೇಟ್ ಬಂತು ಅಂದರೆ ಮುಗಿಯಿತು. ಆಮೇಲೆ 64 ಕೆಬಿಪಿಎಸ್. ಅದರಲ್ಲಿ ಮೇಲ್ ಕೂಡ ಸರಿಯಾಗಿ ತೆರೆಯುವುದಿಲ್ಲ.

ಫೋನು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಫೋನ್ ಜೇಬಿಗೆ ಹಾಕಿಕೊಂಡು ಊಟಕ್ಕೆ ಇಳಿದರೆ ರೂಮಿನಲ್ಲಿ ಓಡುತ್ತಿದ್ದ ಡೌನ್‌ಲೋಡ್ ನಿಂತಿತು. ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿ (ಇದು ವೈಫೈನ ತರಂಗ, 5ಜಿ ಅಲ್ಲ) ಇದ್ದರೆ ನನ್ನ ಪೈ ಝೀರೋಗೆ ಅದು ಕಾಣುವುದೇ ಇಲ್ಲ, ಅದಕ್ಕೆ 2.4 ಮಾತ್ರ ಗೊತ್ತು.

ಡಾಂಗಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಕ್ಕೊಂದು ಬೇರೆ ಸಿಮ್, ಅದಕ್ಕೊಂದು ಬೇರೆ ರೀಚಾರ್ಜ್, ಊರಲ್ಲಿ ಇದ್ದಾಗಲೂ ತಿಂಗಳ ದುಡ್ಡು ಹೋಗುತ್ತಿರುತ್ತದೆ. ನನ್ನದು 4ಜಿ ಡಾಂಗಲ್. ಡ್ರಾಯರ್‌ನಲ್ಲಿ ಇಟ್ಟ ಮೇಲೆ ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳವೇ ಎದ್ದಿತ್ತು. ಅಷ್ಟಕ್ಕೆ ಅದರ ಕಥೆ ಮುಗಿಯಿತು.

ಹೋಟೆಲ್ ವೈಫೈಗೆ ನೇರವಾಗಿ ಸೇರಿಕೊಳ್ಳುವುದು ಮೂರನೆಯ ದಾರಿ. ದುಡ್ಡಿಲ್ಲ, ಡೇಟಾ ಲೆಕ್ಕವಿಲ್ಲ. ಬರೀ ಫೋನು, ಲ್ಯಾಪ್‌ಟಾಪ್ ಇರುವವರಿಗೆ ಇದು ಸಾಕು. ಆದರೆ ಬಹಳ ಹೋಟೆಲ್‌ಗಳಲ್ಲಿ ಒಂದು ರೂಮಿಗೆ ಎರಡೋ ಮೂರೋ ಸಾಧನ ಅಂತ ಮಿತಿ ಇರುತ್ತದೆ. ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ಬೇರ್ಪಡಿಸಿ ಇಟ್ಟಿರುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಮೇಜಿನ ಮೇಲೆ ಅಕ್ಕಪಕ್ಕ ಇರುವ ಲ್ಯಾಪ್‌ಟಾಪ್‌ನಿಂದ ಪೈಗೆ ಹೋಗಲು ಆಗುವುದಿಲ್ಲ. ಪೈಗೆ ಪರದೆ, ಕೀಬೋರ್ಡ್ ಇಲ್ಲ. ಲಾಗಿನ್ ಪೇಜ್‌ನಲ್ಲಿ ರೂಮ್ ನಂಬರ್ ಹಾಕುವವರು ಯಾರು?

ಟ್ರಾವೆಲ್ ರೌಟರ್ ಈ ಎಲ್ಲದಕ್ಕೂ ಒಂದೇ ಉತ್ತರ ಕೊಡುತ್ತದೆ. ಹೋಟೆಲ್ ವೈಫೈಗೆ ಅದು ಒಂದೇ ಸಾಧನವಾಗಿ ಸೇರಿಕೊಳ್ಳುತ್ತದೆ, ಈ ಕಡೆ ನನ್ನದೇ ಹೆಸರು, ನನ್ನದೇ ಪಾಸ್‌ವರ್ಡ್ ಇರುವ ವೈಫೈ ಬಿಡುತ್ತದೆ. ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಅನ್ನೇ ಇದಕ್ಕೂ ಕೊಟ್ಟಿದ್ದೇನೆ. ಯಾವ ಊರಿಗೆ ಹೋದರೂ ಫೋನು, ಟ್ಯಾಬ್, ಪೈ ಎಲ್ಲವೂ ಮನೆಗೆ ಬಂದೆವು ಅಂದುಕೊಂಡು ತಾವೇ ಸೇರಿಕೊಳ್ಳುತ್ತವೆ. ನನ್ನ ಹತ್ತಿರ ಇರುವುದು ಜಿಎಲ್ ಐನೆಟ್‌ನ ಬೆರಿಲ್ ಎಎಕ್ಸ್. ಒಳಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ರೌಟರ್ ಸಾಫ್ಟ್‌ವೇರ್, ಟೈಪ್ ಸಿ ಕರೆಂಟು, ಲ್ಯಾನ್ ಕೇಬಲ್‌ಗೆ ಎರಡು ಕಿಂಡಿ. ಪವರ್‌ಬ್ಯಾಂಕಿನಿಂದಲೂ ಓಡುತ್ತದೆ.

ಇನ್ನು ಇದರ ಕಿರಿಕಿರಿಗೆ ಬರೋಣ. ಅದು ಒಂದೇ, ಆದರೆ ದೊಡ್ಡದು: ಹೋಟೆಲಿನ ಲಾಗಿನ್ ಪೇಜ್.

ರೌಟರ್ ಹೋಟೆಲ್ ವೈಫೈಗೆ ಸೇರಿಕೊಂಡಿತು, ಫೋನನ್ನು ರೌಟರ್‌ಗೆ ಸೇರಿಸಿ ಬ್ರೌಸರ್ ತೆರೆದರೆ ಬಿಳಿ ಪುಟ. ರೂಮ್ ನಂಬರ್ ಕೇಳುವ ಪೇಜ್ ಬರುವುದೇ ಇಲ್ಲ. ರಿಸೆಪ್ಷನ್‌ಗೆ ಫೋನ್ ಮಾಡಿದರೆ "ಸರ್, ನಿಮ್ಮ ಫೋನ್ ರೀಸ್ಟಾರ್ಟ್ ಮಾಡಿ" ಅನ್ನುತ್ತಾರೆ. ಅವರ ತಪ್ಪಲ್ಲ. ಅವರ ಕಡೆ ಎಲ್ಲ ಸರಿಯಾಗಿಯೇ ಇರುತ್ತದೆ.

ಕಾರಣ ಗೊತ್ತಾದರೆ ಬಿಡಿಸುವುದು ಕಷ್ಟವಿಲ್ಲ. ನೀವು ಯಾವುದೋ ಸೈಟ್ ಕೇಳಿದಾಗ ಹೋಟೆಲಿನ ವ್ಯವಸ್ಥೆ ಮಧ್ಯೆ ಕೈಹಾಕಿ ನಿಮ್ಮನ್ನು ತನ್ನ ಪೇಜಿಗೆ ತಿರುಗಿಸುತ್ತದೆ. ಈಗ ಬಹುತೇಕ ಸೈಟುಗಳು ಎಚ್‌ಟಿಟಿಪಿಎಸ್, ಅಂದರೆ ಬ್ರೌಸರ್‌ಗೂ ಸೈಟಿಗೂ ನಡುವಿನ ಮಾತಿಗೆ ಬೀಗ ಹಾಕಿರುತ್ತದೆ. ಅದರಲ್ಲಿ ಮಧ್ಯೆ ಕೈಹಾಕಲು ಬ್ರೌಸರ್ ಬಿಡುವುದಿಲ್ಲ. ಅದಕ್ಕೇ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಒಂದು ಸೈಟ್ ಇದೆ, ಅದು ಬೇಕೆಂದೇ ಹಳೆಯ ಎಚ್‌ಟಿಟಿಪಿಯಲ್ಲಿ ಇರುತ್ತದೆ. ಅದನ್ನು ತೆರೆದರೆ ಅರ್ಧ ಸಲ ಲಾಗಿನ್ ಪೇಜ್ ಬಂದುಬಿಡುತ್ತದೆ.

ಬರಲಿಲ್ಲವಾ? ಹಾಗಿದ್ದರೆ ರೌಟರ್ ಒಳಗೆ ನೋಡಬೇಕು. ವಿಪಿಎನ್ (ನಮ್ಮ ಡೇಟಾವನ್ನು ಬೀಗ ಹಾಕಿದ ಸುರಂಗದಲ್ಲಿ ಕಳಿಸುವ ವ್ಯವಸ್ಥೆ) ಆನ್ ಇದ್ದು, ಅದಿಲ್ಲದೆ ಏನೂ ಹೊರಗೆ ಹೋಗಬಾರದು ಅಂತ ಬಿಗಿ ಮಾಡಿದ್ದರೆ ಲಾಗಿನ್ ಆಗುವ ದಾರಿಯೇ ಮುಚ್ಚಿರುತ್ತದೆ. ಮೊದಲು ಅದನ್ನು ಆಫ್ ಮಾಡಿ. ಜಾಹೀರಾತು ತಡೆಯಲು ಅಂತ ನಮ್ಮದೇ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಹಾಕಿಕೊಂಡಿದ್ದರೆ ಹೋಟೆಲಿನ ಒಳಗಿನ ಹೆಸರು ಅದಕ್ಕೆ ಗೊತ್ತಿರುವುದಿಲ್ಲ. ಲಾಗಿನ್ ಆಗುವ ತನಕ ಡಿಎನ್‌ಎಸ್ ಅನ್ನು ಆಟೋಮ್ಯಾಟಿಕ್‌ಗೆ ಬಿಡಬೇಕು. ಫೋನಿನ ಪ್ರೈವೇಟ್ ಡಿಎನ್‌ಎಸ್ ಕೂಡ ಇದೇ ಕಾಟ ಕೊಡುತ್ತದೆ. ಇನ್ನೊಂದು, ಡಿಎನ್‌ಎಸ್ ರಿಬೈಂಡಿಂಗ್ ಪ್ರೊಟೆಕ್ಷನ್. ಹೆಸರಿನಿಂದ ಒಳಗಿನ ವಿಳಾಸ ಬಂದರೆ, ಅಂದರೆ 10 ಅಥವಾ 192.168ರಿಂದ ಶುರುವಾಗುವುದು ಬಂದರೆ, ಇದು ಮೋಸ ಇರಬಹುದು ಅಂತ ರೌಟರ್ ಬಿಸಾಕುತ್ತದೆ. ಹೋಟೆಲಿನ ಲಾಗಿನ್ ಪೇಜ್ ಇರುವುದೇ ಹೆಚ್ಚಾಗಿ ಅಂಥ ವಿಳಾಸದಲ್ಲಿ! ಅದನ್ನೂ ಆಫ್ ಮಾಡಿದರೆ ಪೇಜ್ ಬರುತ್ತದೆ. ಹೋಟೆಲೂ ನಮ್ಮ ರೌಟರೂ ಒಂದೇ ವಿಳಾಸದ ಸಾಲು ಬಳಸಿದರೆ ಅದೂ ಗೋಜಲೇ. ನನ್ನ ರೌಟರ್‌ಗೆ ಯಾರೂ ಇಡದಂಥ 192.168.77ರ ಸಾಲು ಕೊಟ್ಟಿದ್ದೇನೆ.

ಇಷ್ಟಕ್ಕೂ ಬಗ್ಗದಿದ್ದರೆ ಕೊನೆಯ ಉಪಾಯ ಒಂದಿದೆ. ಫೋನನ್ನು ನೇರವಾಗಿ ಹೋಟೆಲ್ ವೈಫೈಗೆ ಸೇರಿಸಿ, ಆರಾಮಾಗಿ ಲಾಗಿನ್ ಆಗಿ. ಹೋಟೆಲ್ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ಆ ಫೋನಿನ ಮ್ಯಾಕ್ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆಯನ್ನು. ಆಮೇಲೆ ಫೋನಿನಲ್ಲಿ ಆ ವೈಫೈ ತೆಗೆದುಹಾಕಿ, ಅದೇ ಮ್ಯಾಕ್ ವಿಳಾಸವನ್ನು ರೌಟರ್‌ಗೆ ಕೊಡಿ. ಒಂದು ಎಚ್ಚರಿಕೆ ಇದೆ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನುಗಳು ನಿಜವಾದ ಮ್ಯಾಕ್ ಬದಲು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ. 'ಅಬೌಟ್ ಫೋನ್'ನಲ್ಲಿ ಇರುವುದು ಬೇರೆ, ಹೋಟೆಲಿಗೆ ಕಂಡಿದ್ದು ಬೇರೆ. ಆ ವೈಫೈ ಹೆಸರಿನ ಮೇಲೆ ಒತ್ತಿ, ಅಲ್ಲಿ ತೋರಿಸುವ ವಿಳಾಸವನ್ನೇ ಬರೆದುಕೊಳ್ಳಬೇಕು.

ಒಂದು ಸಲ ಲಾಗಿನ್ ಆದರೆ ಮುಗಿಯಿತು ಅಂತಲೂ ಅಲ್ಲ. ಕೆಲವು ಕಡೆ 24 ಗಂಟೆಗೆ ಸೆಷನ್ ಕಡಿದುಹೋಗುತ್ತದೆ. ಹೈದರಾಬಾದಿನ ಒಂದು ಹೋಟೆಲಿನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಚೆಕ್ ಇನ್ ಮಾಡಿದ್ದೆ. ಮಾರನೆಯ ದಿನ ಸರಿಯಾಗಿ ಹನ್ನೊಂದಕ್ಕೆ, ಕ್ಲೈಂಟ್ ಮುಂದೆ ಡೆಮೋ ನಡೆಯುತ್ತಿದ್ದಾಗ ನೆಟ್ ಹೋಯಿತು. ಅವತ್ತಿನಿಂದ ಬೆಳಗ್ಗೆ ಕಾಫಿ ಕುಡಿಯುವಾಗಲೇ ಹಳೆಯ ಸೆಷನ್ ಬಿಟ್ಟು ಹೊಸದಾಗಿ ಲಾಗಿನ್ ಆಗುತ್ತೇನೆ. ಈಗ ಅಭ್ಯಾಸವಾಗಿದೆ, ಕಾಫಿ ಮುಗಿಯುವುದರೊಳಗೆ ಆಗುವ ಕೆಲಸ.

ಇನ್ನೊಂದು ವಿಷಯ ಯಾವ ಡಬ್ಬದ ಮೇಲೂ ಬರೆದಿರುವುದಿಲ್ಲ. ರೂಮಿನ ಬಾಗಿಲ ಪಕ್ಕ ಕಾರ್ಡ್ ಸಿಕ್ಕಿಸುವ ಜಾಗ ಇರುತ್ತದಲ್ಲ, ಕಾರ್ಡ್ ತೆಗೆದರೆ ಕರೆಂಟು ಹೋಗುತ್ತದೆ, ರೌಟರೂ ಮಲಗುತ್ತದೆ. ಪೈನಲ್ಲಿ ಏನಾದರೂ ಓಡಿಸಿಟ್ಟು ಆಫೀಸಿಗೆ ಹೋಗುವುದಿದ್ದರೆ ಮಿನಿ ಫ್ರಿಜ್‌ನ ಪ್ಲಗ್ ಹುಡುಕಿ. ಫ್ರಿಜ್‌ನ ಲೈನು ಹೆಚ್ಚಾಗಿ ಕಾರ್ಡಿಗೆ ಸೇರಿರುವುದಿಲ್ಲ. ಹಾಗಾಗಿ ಒಂದು ಮಲ್ಟಿಪ್ಲಗ್ ಬ್ಯಾಗಿನಲ್ಲಿ ಇರಲಿ.

ಸ್ಪೀಡ್? ಹೋಟೆಲಿನ ನೆಟ್ ಎಷ್ಟಿದೆಯೋ ಅಷ್ಟೇ, ರೌಟರ್ ಅದನ್ನು ಜಾಸ್ತಿ ಮಾಡುವುದಿಲ್ಲ. ಹೋಟೆಲ್ ನೆಟ್ ತೀರಾ ಕೆಟ್ಟದಾಗಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ರೌಟರ್‌ಗೆ ಚುಚ್ಚುತ್ತೇನೆ. ಫೋನಿನ ಡೇಟಾ ಎಲ್ಲ ಸಾಧನಕ್ಕೂ ಹೋಗುತ್ತದೆ, ಫೋನು ಚಾರ್ಜೂ ಆಗುತ್ತದೆ. ಕಿಟಕಿ ಪಕ್ಕ ಇಟ್ಟರೆ 5ಜಿಯೂ ಸಿಗುತ್ತದೆ. ಆಫೀಸ್ ಲ್ಯಾಪ್‌ಟಾಪನ್ನು ಇಂಥ ರೌಟರ್‌ಗೆ ಸೇರಿಸಬಹುದಾ ಅಂತ ನಿಮ್ಮ ಐಟಿಯವರನ್ನು ಒಮ್ಮೆ ಕೇಳಿಕೊಳ್ಳಿ.

ಮನೆಗೆ ತಲುಪುವ ವಿಷಯದಲ್ಲಂತೂ ಹೋಲಿಕೆಯೇ ಬೇಡ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಹೊರಗಿನಿಂದ ತಲುಪುವ ಸ್ವಂತ ವಿಳಾಸ, ಅಂದರೆ ಪಬ್ಲಿಕ್ ಐಪಿ ಇಲ್ಲ, ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ. ಹೊರಗಿನಿಂದ ಒಳಗೆ ಬರಲು ಮನೆಯ ರೌಟರ್‌ನಲ್ಲಿ ದಾರಿ ತೆರೆದು, ಅಂದರೆ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಅದಕ್ಕೆ ಮನೆಯ ಪೈನಲ್ಲೂ ರೌಟರ್‌ನಲ್ಲೂ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಹಾಕಿದ್ದೇನೆ. ಅದು ವೈರ್‌ಗಾರ್ಡ್ ಅನ್ನುವ ವಿಪಿಎನ್ ತಂತ್ರದ ಮೇಲೆ ನಡೆಯುತ್ತದೆ, ಎರಡೂ ಕಡೆಯಿಂದ ಹೊರಕ್ಕೆ ಹೊರಟು ಮಧ್ಯದಲ್ಲಿ ಭೇಟಿಯಾಗುತ್ತದೆ. ಒಂದೊಂದು ಸಾಧನಕ್ಕೂ ಆ್ಯಪ್ ಹಾಕುವ ತಲೆನೋವಿಲ್ಲ. ಟ್ಯಾಬ್‌ನಲ್ಲಿ ಟ್ಯಾಂಕಿನ ಮಟ್ಟ, ಟಿವಿಯಲ್ಲಿ ಮನೆಯ ಹಾರ್ಡ್‌ಡಿಸ್ಕಿನ ವಿಡಿಯೊ, ಎರಡೂ ಸಿಗುತ್ತವೆ.

ದುಡ್ಡಿನ ಮಾತು. ವರ್ಷಕ್ಕೆ ಎರಡು ಮೂರು ಸಲ ಮಾತ್ರ ಹೋಟೆಲಿನಲ್ಲಿ ಉಳಿಯುವವರು ಸುಮ್ನೆ ಹಾಟ್‌ಸ್ಪಾಟ್ ಬಳಸಿ, ಇಷ್ಟೆಲ್ಲ ಬೇಕಿಲ್ಲ. ಪದೇ ಪದೇ ಓಡಾಡುವವರಿಗೆ, ಫೋನು ಲ್ಯಾಪ್‌ಟಾಪ್ ಬಿಟ್ಟು ಇನ್ನೂ ಎರಡು ಸಾಧನ ಇದ್ದರೆ, ಮೂರು ಸಾವಿರದ ಆಸುಪಾಸಿನ ಚಿಕ್ಕ 2.4 ಗಿಗಾಹರ್ಟ್ಸ್ ರೌಟರ್ ಸಾಕು. ಮೀಟಿಂಗ್, ಮೇಲ್, ಸಣ್ಣಪುಟ್ಟ ಬೋರ್ಡು, ಎಲ್ಲಕ್ಕೂ ಆಗುತ್ತದೆ. ನಾನು ಹತ್ತು ಸಾವಿರದ ಹತ್ತಿರ ಕೊಟ್ಟು ದೊಡ್ಡದು ತಗೊಂಡಿದ್ದು ಮನೆಯ ವಿಡಿಯೊ ನೋಡುವ ಅಭ್ಯಾಸ ಇರುವುದಕ್ಕೆ. ಚಿಕ್ಕದರಲ್ಲಿ ವಿಪಿಎನ್ ಹಾಕಿದರೆ ಪ್ರೊಸೆಸರ್ ಏದುಸಿರು ಬಿಡುತ್ತದೆ. ಯಾವುದೇ ತಗೊಂಡರೂ ಮನೆಯಲ್ಲೇ, ಫೋನಿನ ಹಾಟ್‌ಸ್ಪಾಟ್ ಅನ್ನೇ ಹೋಟೆಲ್ ವೈಫೈ ಅಂತ ಇಟ್ಟುಕೊಂಡು ರೌಟರ್ ಸೇರಿಸಿ, ಮ್ಯಾಕ್ ಬದಲಾಯಿಸುವುದು, ಡಿಎನ್‌ಎಸ್ ತೆಗೆಯುವುದು ಎಲ್ಲಿದೆ ಅಂತ ಒಂದು ಸಂಜೆ ನೋಡಿಟ್ಟುಕೊಳ್ಳಿ. ರಾತ್ರಿ ಹನ್ನೆರಡಕ್ಕೆ ರೂಮಿಗೆ ಬಂದು ಅದನ್ನು ಹುಡುಕುವ ಪಾಡು ಬೇಡ.