ಆಮೆ ಗೂಡಿಗೆ ಕಾಲಿಂಚಿನ ಸ್ಟೀಲ್ ಜಾಲರಿ: ಒಂದು ಮಳೆಗಾಲ ಕಳೆದ ಮೇಲಿನ ರಿವ್ಯೂ

ಮೊದ್ಲೇ ಹೇಳಿಬಿಡ್ತೇನೆ, ಆಮೆ ಸಾಕುವವರಿಗೆ ಇಲಿ ಕಾಟ ಇದ್ರೆ ದುಡ್ಡು ಹಾಕ್ಬೇಕಾದ್ದು ಜಾಲರಿಗೆ ಮಾತ್ರ. ಬೋನು, ಮಿಷನ್ನು, ವಿಷ, ಬೆಕ್ಕು ಎಲ್ಲ ಆಮೇಲಿನ ಮಾತು. ನಾನು ರಿವ್ಯೂ ಮಾಡ್ತಾ ಇರುವುದು ಕಾಲಿಂಚಿನ ಕಣ್ಣಿನ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡು) ವೆಲ್ಡ್ ಮೆಶ್, 20 ಗೇಜ್, ಮೂರಡಿ ಅಗಲದ ರೋಲು. ತಂದದ್ದು ಮಂಗಳೂರು ಬಂದರಿನ ಒಂದು ಹಾರ್ಡ್‌ವೇರ್ ಅಂಗಡಿಯಿಂದ, ಯಾಕಂದ್ರೆ ನಮ್ಮ ಕಡೆ ಬದಿಯಡ್ಕ, ಕುಂಬಳೆಯಲ್ಲಿ ಕೇಳಿದಲ್ಲೆಲ್ಲ ಅರ್ಧ ಇಂಚಿನ ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣದ್ದು, ಅಥವಾ ಕೋಳಿ ಗೂಡಿನ ಷಟ್ಕೋನದ ಬಲೆ ತೋರಿಸ್ತಾರೆ, ಕಾಲಿಂಚು ಸ್ಟೀಲಲ್ಲಿ ಬೇಕು ಅಂದ್ರೆ ಸೊಳ್ಳೆ ಮೆಶ್ಶಾ ಅಂತ ಕೇಳ್ತಾರೆ.

ನಮ್ಮಲ್ಲಿರುವುದು ಸುಲ್ಕಾಟ. ಆಫ್ರಿಕಾದ್ದು, ಸಹಾರಾ ಮರುಭೂಮಿಯ ದಕ್ಷಿಣ ಅಂಚಿಂದು, ಪೂರ್ತಿ ಬೆಳೆದ್ರೆ ಐವತ್ತು ಕೆಜಿ ದಾಟುವ ಜಾತಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಲ್ಲಿ ರಿಜಿಸ್ಟರ್ ಆದ್ದು, 2024ರ ರೂಲ್ಸ್ ಬಂದ ಮೇಲೆ ಇಂಥ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ ಇಟ್ಕೊಂಡವರು ಅದು ಮಾಡಲೇಬೇಕು. ನಕ್ಷತ್ರ ಆಮೆ ಸಾಕುವವರು ಈ ರಿವ್ಯೂ ಓದಿ ಗೂಡು ಕಟ್ಲಿಕ್ಕೆ ಹೊರಡ್ಬೇಡಿ ಮಾರಾಯ್ರೆ, ಅದು ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿನ ಪ್ರಾಣಿ, ಮನೆಯಲ್ಲಿ ಇಡುವುದೇ ಅಪರಾಧ. ನಮ್ಮ ಚಂದ್ರಗಿರಿ ಹೊಳೆಯ ಭೀಮನಾಮೆ, ಅದೇ ಮಲಯಾಳದಲ್ಲಿ ಪಾಲಪ್ಪೂವನ್ ಅಂತಾರಲ್ಲ, ಅದನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಜೀವಿ ಅಂತ ಘೋಷಣೆ ಮಾಡಿದ್ರು, ಆಮೆಗೆ ಇಷ್ಟು ಮರ್ಯಾದೆ ಕೊಟ್ಟ ಜಿಲ್ಲೆಯಲ್ಲಿ ಕಾನೂನು ಗೊತ್ತಿಲ್ಲ ಅಂದ್ರೆ ಆಗ್ಲಿಕ್ಕಿಲ್ಲ.

ಈಗ ಇಲಿ ವಿಷಯ. ತುಂಬಾ ಜನ ಅಂದುಕೊಳ್ಳುವುದು ಆಮೆಗೆ ಚಿಪ್ಪು ಉಂಟಲ್ಲ, ಇಲಿ ಬಂದು ಉಳಿದ ಸೊಪ್ಪು ತಿಂದು ಹೋಗ್ತದೆ ಅಷ್ಟೇ ಅಂತ. ಅಲ್ಲ. ಆಮೆ ತಣ್ಣನೆ ರಕ್ತದ ಪ್ರಾಣಿ, ರಾತ್ರಿ ಮೈ ತಣ್ಣಗಾದ್ರೆ ಕೈಕಾಲು ಬೇಗ ಆಡುವುದಿಲ್ಲ, ಇಲಿ ಬಂದು ಬಾಲ ಕಡಿದ್ರೂ ಹಿಂದಿನ ಕಾಲು ಕೆರೆದ್ರೂ ಎದ್ದು ಓಡುವ ತಾಕತ್ತಿಲ್ಲ, ಕೂಗಿ ಯಾರನ್ನಾದ್ರೂ ಎಬ್ಬಿಸುವ ಸ್ವರವೂ ಇಲ್ಲ. ಯುರೋಪಿನಲ್ಲಿ ಹರ್ಮನ್ ಆಮೆ, ಗ್ರೀಕ್ ಆಮೆ ಸಾಕುವವರು ಚಳಿಗಾಲ ಪೂರ್ತಿ ಅವನ್ನು ಪೆಟ್ಟಿಗೆಯಲ್ಲಿ ಮಲಗಿಸ್ತಾರೆ, ಆಗ ಶೆಡ್ಡಿಗೆ ಇಲಿ ಹೊಕ್ಕಿ ಮಲಗಿದ್ದ ಆಮೆಯ ಕಾಲು, ಮುಖ ಎಲ್ಲ ತಿಂದು ಹಾಕುವುದು ಅಲ್ಲಿಯವರ ದೊಡ್ಡ ತಲೆನೋವು, ಅದಕ್ಕೇ ಕೆಲವರು ಪೆಟ್ಟಿಗೆಗೆ ಲೋಹದ ಬಲೆ ಸುತ್ತುತ್ತಾರೆ, ಕೆಲವರು ಸೀದಾ 5 ಡಿಗ್ರಿಗೆ ಸೆಟ್ ಮಾಡಿದ ಫ್ರಿಜ್ಜಲ್ಲೇ ಇಡ್ತಾರೆ. ಸುಲ್ಕಾಟಕ್ಕೆ ಆ ಚಳಿನಿದ್ದೆ ಇಲ್ಲ, ನಮ್ಮ ಊರಿಗೆ ಆ ಚಳಿಯೂ ಇಲ್ಲ. ಆದ್ರೆ ನಮ್ಮ ಜೂನ್ ಜುಲೈ ಉಂಟಲ್ಲ, ಆಗ ಮಲಗುವ ಕೋಣೆಗೆ ಸೆರಾಮಿಕ್ ಹೀಟರ್ ಹಾಕ್ಲೇಬೇಕು, ಹೊರಗೆ ಬಿಲದಲ್ಲೆಲ್ಲ ನೀರು ತುಂಬಿದ ಇಲಿಗೆ ಬೆಚ್ಚಗಿನ ಒಣ ಕೋಣೆ ಸಿಕ್ಕಿದ್ರೆ ಬಿಡ್ತದಾ?

ಮೊದ್ಲು ಇದ್ದದ್ದು ಆನ್‌ಲೈನಲ್ಲಿ ತರಿಸಿದ ರೆಡಿಮೇಡ್ ಗೂಡು, ಮಾರಿದವರ ಹೆಸರು ಬೇಡ. ಪ್ರಿಡೇಟರ್ ಪ್ರೂಫ್ ಅಂತ ಬರೆದಿದ್ರು, ಬಂದದ್ದು ಕೋಳಿ ಬಲೆ ಸ್ಟೇಪಲ್ ಹೊಡೆದ ಪೈನ್ ಮರದ ಫ್ರೇಮು, ಕೆಳಗೆ ಪ್ಲೈವುಡ್. ಮಳೆ ಹಿಡಿಯುವಾಗ ಪ್ಲೈವುಡ್ ಉಬ್ಬಿತು, ಉಬ್ಬಿದ ಮೂಲೆಯಲ್ಲಿ ಇಲಿ ಕೊರೆದು ದಾರಿ ಮಾಡಿತು. ಗೊತ್ತಾದ್ದು ಹೇಗೆ ಅಂದ್ರೆ ಚಿಪ್ಪಿನ ಹಿಂದಿನ ಅಂಚಲ್ಲಿ ಬೆಳ್ಳಗೆ ಗೀರು ಕಾಣ್ತಿತ್ತು, ಕಲ್ಲಿಗೆ ಉಜ್ಜಿದ್ರೆ ಅಡ್ಡಾದಿಡ್ಡಿ ಇರ್ತದೆ, ಇದು ಹಾಗಲ್ಲ, ಅಕ್ಕಪಕ್ಕ ಜೋಡಿ ಜೋಡಿ ಗೀರು, ಪ್ರತಿಯೊಂದೂ ಒಂದೇ ಅಗಲ. ಅದು ಇಲಿಯ ಮುಂದಿನ ಎರಡು ಹಲ್ಲಿನ ಗುರುತು. ಹತ್ತಿರದಲ್ಲೇ ಅಕ್ಕಿಗಿಂತ ಉದ್ದ, ಎರಡೂ ತುದಿ ಚೂಪಾದ ಕಪ್ಪು ಹಿಕ್ಕೆ. ಕಾಲಿಗೆ ಏನೂ ಆಗಿರ್ಲಿಲ್ಲ ಪುಣ್ಯಕ್ಕೆ. ನಿಮ್ಮ ಆಮೆಯನ್ನು ವಾರಕ್ಕೊಮ್ಮೆ ಎತ್ತಿ ಬಾಲದ ಬುಡ, ಹಿಂದಿನ ಕಾಲಿನ ಉಗುರು, ಚಿಪ್ಪಿನ ಅಂಚು ಟಾರ್ಚ್ ಹಾಕಿ ನೋಡಿ, ಮೇಲಿಂದ ನೋಡಿದ್ರೆ ಏನೂ ಕಾಣುವುದಿಲ್ಲ.

ಜಾಲರಿಯ ಕಣ್ಣಿನ ಸೈಜ್ ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ಮ ತೋಟದಲ್ಲಿ ಒಂದೇ ನಮೂನೆ ಇಲಿ ಅಲ್ಲ. ಹೆಗ್ಗಣ ನೆಲ ತೋಡ್ತದೆ. ತೆಂಗಿನ ಮರ ಹತ್ತಿ ಬೊಂಡ ಕೊರೆಯುವ ಕಪ್ಪು ಇಲಿ ಮೇಲಿಂದ ಬರ್ತದೆ, ಗೋಡೆ, ವಯರು, ಅಡಿಕೆ ಸೋಗೆ ಯಾವುದರ ಮೇಲೂ ನಡೀತದೆ. ಮತ್ತೆ ಚುಂಡಿಲಿ, ಅದು ಪೆನ್ಸಿಲ್ ತೂರುವಷ್ಟು ಸಂದಿ ಇದ್ರೆ ಸಾಕು ಅನ್ನುವ ಗಿರಾಕಿ. ಅರ್ಧ ಇಂಚು ಅಂದ್ರೆ 12.7 ಮಿ.ಮೀ., ಅದರಲ್ಲಿ ದೊಡ್ಡ ಇಲಿ ನಿಲ್ತದೆ, ಚುಂಡಿಲಿ ಮತ್ತು ಇಲಿ ಮರಿ ಆರಾಮಾಗಿ ದಾಟ್ತವೆ. ಕಾಲಿಂಚಿನದ್ದು 6 ಮಿ.ಮೀ. ಚಿಲ್ಲರೆ, ಅದರಲ್ಲೂ ತಂತಿಯ ದಪ್ಪ ಕಳೆದ್ರೆ ಐದೂವರೆ ಉಳೀತದೆ, ಅಲ್ಲಿಗೆ ಎಲ್ಲ ನಿಲ್ತದೆ. ಕೋಳಿ ಬಲೆ ಕೋಳಿ ಹೊರಗೆ ಹೋಗದಿರ್ಲಿಕ್ಕೆ ಇರುವುದು, ಇಲಿ ಒಳಗೆ ಬರದಿರ್ಲಿಕ್ಕೆ ಅಲ್ಲ, ತಂತಿಯೂ ಪಾಪದ್ದು, ಹೆಗ್ಗಣ ಹಲ್ಲು ಹಾಕಿ ಎಳೆದ್ರೆ ಬಿಚ್ಚಿಕೊಳ್ತದೆ. ಗೇಜ್ ನಂಬರ್ ಹೆಚ್ಚಾದಷ್ಟೂ ತಂತಿ ತೆಳು, ಇದು ನೆನಪಿರ್ಲಿ, ಅಂಗಡಿಯವ ದೊಡ್ಡ ನಂಬರ್ ಹೇಳಿದ್ರೆ ಖುಷಿ ಪಡ್ಬೇಡಿ. 20 ಗೇಜ್ ಅಂದ್ರೆ ಸುಮಾರು 0.9 ಮಿ.ಮೀ., ಇದಕ್ಕಿಂತ ತೆಳು ಬೇಡ.

ಇನ್ನೊಂದು ಲಾಭ ನಾನು ಲೆಕ್ಕ ಹಾಕಿರ್ಲಿಲ್ಲ, ಇಲಿ ಇಲ್ಲದಲ್ಲಿ ಹಾವೂ ಇಲ್ಲ. ಮೊದ್ಲು ಗೂಡಿನ ಹಿಂದೆ ಕೇರೆ ಹಾವು ಸುತ್ತುವುದು ಕಾಣ್ತಿತ್ತು, ಕೇರೆ ಆದ್ರೆ ತೊಂದರೆ ಇಲ್ಲ ಬಿಡಿ, ನಾಗರ ಬಂದ್ರೆ ಬೆಳಗ್ಗೆ ಬಾಗಿಲು ತೆಗೆಯುವವರ ಗತಿ?

304 ಯಾಕೆ, ಜಿಐ ಆಗುವುದಿಲ್ವಾ ಅಂದ್ರೆ ಒಳನಾಡಲ್ಲಿ ಆದೀತು. ಮುಳ್ಳೇರಿಯ, ಪೆರ್ಲದ ಕಡೆ ಒಳ್ಳೆ ಜಿಐ, ಅದೂ ವೆಲ್ಡ್ ಮಾಡಿದ ಮೇಲೆ ಸತುವಿನಲ್ಲಿ ಅದ್ದಿ ತೆಗೆದದ್ದು, ಕೆಲವು ವರ್ಷ ಬಾಳ್ತದೆ. ಮೊದ್ಲು ಸತು ಹಚ್ಚಿ ಆಮೇಲೆ ವೆಲ್ಡ್ ಮಾಡಿದ್ದು ಬೇಡ, ಬೆಸುಗೆ ಬಿಂದುವಿನಲ್ಲಿ ಸತು ಸುಟ್ಟು ಹೋಗಿ ಅಲ್ಲಿಂದಲೇ ತುಕ್ಕು ಶುರು, ಬಿಂದು ಬಿಟ್ಟ ಕೂಡ್ಲೇ ಕಣ್ಣು ದೊಡ್ಡದಾಗ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಉಪ್ಪು ಗಾಳಿಗೆ, ಮಣ್ಣಿನ ಅಡಿಯ ನೀರಿಗೆ ಜಿಐ ಮೇಲೆ ನನಗೆ ಧೈರ್ಯ ಇಲ್ಲ. ಮತ್ತೆ 304 ಅಂತ ಹೇಳಿ ಕಡಿಮೆ ದರ್ಜೆಯ ಸ್ಟೀಲು 202 ಕೊಡುವವರು ಇದ್ದಾರೆ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು ನೋಡಿ ಹಿಡಿಯುವುದಿಲ್ಲ ಅಂತ ತೋರಿಸ್ತಾರೆ, ಅದರಲ್ಲಿ ಎಂತದೂ ಇಲ್ಲ, 202 ಕೂಡ ಹಿಡಿಯುವುದಿಲ್ಲ, ಉಲ್ಟಾ ಅಸಲಿ 304 ತಂತಿಯೇ ಎಳೆದು ಸಣ್ಣ ಮಾಡುವಾಗ ಸ್ವಲ್ಪ ಮ್ಯಾಗ್ನೆಟ್ ಹಿಡಿಯುವುದುಂಟು. ಬಿಲ್ಲಿನಲ್ಲಿ ಗ್ರೇಡ್ ಬರೆಸಿ, ಇಲ್ಲವಾದ್ರೆ ಒಂದು ಹನಿ ಕೆಮಿಕಲ್ ಹಾಕಿ ಬಣ್ಣ ನೋಡುವ ಡ್ರಾಪ್ ಟೆಸ್ಟ್ ಮಾಡಿಸಿ, ಫ್ಯಾಬ್ರಿಕೇಶನ್‌ನವರ ಹತ್ರ ಆ ಸಣ್ಣ ಬಾಟ್ಲಿ ಇರ್ತದೆ.

ಫಿಟ್ಟಿಂಗ್ ಸರಿ ಇಲ್ಲದಿದ್ರೆ ಎಷ್ಟು ಒಳ್ಳೆ ಮೆಶ್ ತಂದ್ರೂ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದ ಹಾಗೆ. ನಮ್ಮಲ್ಲಿ ಸುತ್ತ ಎರಡು ವರಸೆ ಕೆಂಪುಕಲ್ಲು ಇಟ್ಟು ಅದರ ಮೇಲೆ ಜಾಲರಿ. ಕಲ್ಲು ಯಾಕೆ ಅಂದ್ರೆ ಆಮೆಗೆ ಆಚೆ ಬದಿ ಕಾಣುವ ಬೇಲಿ ಅಂದ್ರೆ ತಲೆಗೇ ಹೋಗುವುದಿಲ್ಲ, ಇಡೀ ದಿನ ಅದಕ್ಕೇ ಗುದ್ದಿ ಮೂಗು ಗಾಯ ಮಾಡಿಕೊಳ್ತದೆ, ಅದರ ಕಣ್ಣಿನ ಎತ್ತರದವರೆಗೆ ಕುರುಡು ಗೋಡೆ ಬೇಕು. ಆದ್ರೆ ಕೆಂಪುಕಲ್ಲು ತೂತು ತೂತು, ಸಂದಿಯಲ್ಲಿ ಮಣ್ಣು ಹಾಕಿ ಕಟ್ಟಿದ್ರೆ ಅದೇ ಇಲಿಯ ಮನೆ, ಎರಡೂ ಬದಿ ಸಿಮೆಂಟ್ ಸಾರಣೆ ಮಾಡ್ಲೇಬೇಕು. ಗೋಡೆಯ ಹೊರಗಿನಿಂದ ಜಾಲರಿ ನೆಲದೊಳಗೆ ಒಂದೂವರೆ ಅಡಿ ಇಳಿದು, ಅಲ್ಲಿಂದ ಹೊರಗಡೆಗೆ ಒಂದಡಿ ಮಡಚಿ ಮಣ್ಣು ಮುಚ್ಚಿದ್ದು. ಹೆಗ್ಗಣ ಗೋಡೆ ಬುಡಕ್ಕೆ ಬಂದು ನೇರ ಕೆಳಗೆ ತೋಡ್ತದೆ, ಮಡಚಿದ ಜಾಲರಿ ಕಾಲಿಗೆ ಸಿಕ್ಕಿದ್ರೆ ಹಿಂದೆ ಸರಿದು ಅಲ್ಲಿಂದ ತೋಡುವ ಬುದ್ಧಿ ಅದಕ್ಕೆ ಬರುವುದಿಲ್ಲ. ಮಲಗುವ ಕೋಣೆಯ ಅಡಿಗೂ ಜಾಲರಿ ಉಂಟು, ಮೇಲೆ ದಪ್ಪಕ್ಕೆ ಮಣ್ಣು. ಬರೀ ಜಾಲರಿ ಮೇಲೆ ಆಮೆ ನಡೆಸಬಾರದು, ಉಗುರು ಸಿಕ್ಕಿ ಕಿತ್ತು ಬರ್ತದೆ. ಹೀಟರಿನ ವಯರು ಬರುವ ತೂತಿಗೆ ಸ್ಟೀಲ್ ವೂಲ್ ತುರುಕಿ ಸಿಮೆಂಟ್, ವಯರಿಗೆ ಲೋಹದ ಪೈಪು, ಇಲಿ ಕಡಿದ ವಯರಿಂದ ಬೆಂಕಿ ಹಿಡಿದ್ರೆ ಆಮೆ ಮಾತ್ರ ಅಲ್ಲ ಕೊಟ್ಟಿಗೆಯೂ ಹೋಗ್ತದೆ.

ಬೇರೆ ಐಟಮ್ಮುಗಳ ಬಗ್ಗೆ ಚಿಕ್ಕದಾಗಿ. ನಮಗೆ ಕೇಳದ ಸದ್ದಿನಿಂದ ಇಲಿ ಓಡಿಸ್ತದೆ ಅನ್ನುವ, ಪ್ಲಗ್ಗಿಗೆ ಹಾಕುವ ಅಲ್ಟ್ರಾಸೋನಿಕ್ ಮಿಷನ್ ನೆಂಟರೊಬ್ಬರು ಕೊಟ್ಟದ್ದು, ಅದರ ಪಕ್ಕದಲ್ಲೇ ಇಲಿ ಕೂತು ಬಾಳೆಹಣ್ಣಿನ ಸಿಪ್ಪೆ ತಿಂತಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಕಂಪನಿಗಳಿಗೆ ನಿಮ್ಮ ಮಾತಿಗೆ ವೈಜ್ಞಾನಿಕ ಆಧಾರ ಇಟ್ಕೊಳ್ಳಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು, ಇಲ್ಲಿ ಇನ್ನೂ ಭರ್ಜರಿ ಸೇಲು. ಅಂಟು ಬೋರ್ಡಿನಲ್ಲಿ ಹಲ್ಲಿ, ಅರಣೆ, ಹಕ್ಕಿ ಎಲ್ಲ ಸಿಕ್ಕಿ ಸಾಯ್ತವೆ, ಹಲವು ರಾಜ್ಯಗಳು ಅದನ್ನು ನಿಷೇಧಿಸಿವೆ, ಆಮೆ ಇರುವಲ್ಲಂತೂ ಬೇಡವೇ ಬೇಡ. ವಿಷ ಅದಕ್ಕಿಂತ ಅಪಾಯ. ತೋಟಕ್ಕೆ ಇಡುವ ಬ್ರೊಮಾಡಿಯೋಲೋನ್ ಕೇಕು ಇಲಿಯ ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಕೊಲ್ಲುವುದು, ತಿಂದ ಇಲಿ ಕೂಡ್ಲೇ ಸಾಯುವುದಿಲ್ಲ, ದಿನಗಟ್ಲೆ ಸುತ್ತಾಡಿ ಎಲ್ಲೋ ಬೀಳ್ತದೆ, ಅದನ್ನು ಗೂಬೆ, ಬೆಕ್ಕು ತಿಂದ್ರೆ ವಿಷ ಅವಕ್ಕೂ. ಆಮೆ ಸೊಪ್ಪು ತಿನ್ನುವ ಪ್ರಾಣಿಯೇ ಆದ್ರೂ ದಾರಿಯಲ್ಲಿ ಸಿಕ್ಕಿದ ಸತ್ತದ್ದಕ್ಕೆ ಬಾಯಿ ಹಾಕುವುದುಂಟು, ಬಣ್ಣದ ಕೇಕು ಕಂಡ್ರೆ ಕೇಳುವುದೇ ಬೇಡ, ಬಣ್ಣಕ್ಕೆ ಮೊದ್ಲು ಹೋಗ್ತದೆ. ಜಿಂಕ್ ಫಾಸ್ಫೈಡ್ ಇನ್ನೂ ಕೆಟ್ಟದ್ದು, ಹೊಟ್ಟೆಯೊಳಗೆ ಗ್ಯಾಸ್ ಆಗಿ ಕೊಲ್ಲುವುದು, ಅದಕ್ಕೆ ಮದ್ದೇ ಇಲ್ಲ. ಹಳೆ ಕಾಲದ ಕಬ್ಬಿಣದ ಬೋನು ಒಳ್ಳೆದು, ಆದ್ರೆ ಗೂಡಿನ ಹೊರಗೆ, ಒಣಕೊಪ್ಪರ ಸುಟ್ಟು ಸಿಕ್ಕಿಸಿ.

ಮೇವು ಸಂಜೆ ಮೊದ್ಲು ಗುಡಿಸಿ ತೆಗೆದ್ರೆ ಅರ್ಧ ಇಲಿ ಹಾಗೇ ಕಡಿಮೆ. ಸುಲ್ಕಾಟಕ್ಕೆ ಬೇಕಾದ್ದೇ ಹುಲ್ಲು, ಗರಿಕೆ, ದಾಸವಾಳದ ಎಲೆ, ಇದಕ್ಕೆಲ್ಲ ಇಲಿ ಅಷ್ಟಾಗಿ ಬರುವುದಿಲ್ಲ, ಇಲಿ ಬರುವುದು ನಾವು ಪ್ರೀತಿ ಹೆಚ್ಚಾಗಿ ಹಾಕುವ ಬಾಳೆಹಣ್ಣು, ಹಲಸಿನ ಸೊಳೆಗೆ, ಅದು ಆಮೆಗೂ ಒಳ್ಳೆದಲ್ಲ. ಮತ್ತೆ ಗೂಡು ತೊಳೆಯುವಾಗ ಗಂಬೂಟು ಹಾಕಿ ದಯವಿಟ್ಟು, ಇಲಿ ಮೂತ್ರದ ನೀರಲ್ಲಿ ಕಾಲು ಒಡೆದವರು ಬರಿಗಾಲಲ್ಲಿ ನಿಂತ್ರೆ ಇಲಿಜ್ವರ, ನಮ್ಮ ಎಲಿಪ್ಪನಿ, ಪ್ರತಿ ಮಳೆಗಾಲ ಆರೋಗ್ಯ ಇಲಾಖೆಯವರು ಡಾಕ್ಸಿಸೈಕ್ಲಿನ್ ಕೊಡ್ತಾ ಬರುವುದು ಸುಮ್ಮನೆ ಅಲ್ಲ.

ರೇಟು ಹೇಳುದಾದ್ರೆ ಚದರಡಿಗೆ ನೂರು ರೂಪಾಯಿ ಆಸುಪಾಸು ಬಿತ್ತು, ಜಿಐಗಿಂತ ಎಷ್ಟೋ ಪಾಲು ಜಾಸ್ತಿ, ಇಡೀ ಬಯಲು ಸುತ್ತಲಿಕ್ಕೆ ಆಗದವರು ಕನಿಷ್ಠ ರಾತ್ರಿ ಮಲಗುವ ಕೋಣೆಗೆ, ಅಡಿ, ಮೇಲೆ, ಬದಿ ಆರೂ ಕಡೆಗೆ ಇದನ್ನು ಹಾಕಿ, ಹಗಲಿನ ಜಾಗಕ್ಕೆ ಅರ್ಧ ಇಂಚು ಸಾಕು. ಈ ಮಳೆಗಾಲ ಒಳಗೆ ಒಂದು ಹಿಕ್ಕೆ ಕಾಣ್ಲಿಲ್ಲ, ಹೊರಗೆ ಗೋಡೆ ಬುಡದಲ್ಲಿ ತೋಡಿ ಬಿಟ್ಟ ಹೊಂಡಗಳು ಮಾತ್ರ ಇವೆ.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕಂದ್ರೆ ಕತ್ತರಿಸಿದ ಅಂಚು ಸೂಜಿಯ ಹಾಗೆ, ಗ್ಲೌಸ್ ಇಲ್ಲದೆ ಮುಟ್ಲಿಕ್ಕಿಲ್ಲ, ಮಾಮೂಲಿ ಕಟಿಂಗ್ ಪ್ಲೇಯರಿಗೆ ಬಗ್ಗುವುದೂ ಇಲ್ಲ, ಗ್ರೈಂಡರ್ ಬೇಕು, ಅಂಚಿಗೆಲ್ಲ ಸ್ಟೀಲ್ ಪಟ್ಟಿ ಹೊಡೆಸ್ಬೇಕು. ಬಾಗಿಲು ಭಾರ ಆಗ್ತದೆ, ಸಾದಾ ಕೊಂಡಿ ತಡೆಯುವುದಿಲ್ಲ, ಮೂರು ಹಿಂಜ್ ಹಾಕಿಸಿ, ಬಾಗಿಲಿನ ಕೆಳಗಿನ ಸಂದಿ ಪೆನ್ಸಿಲ್ ಹೋಗದ ಹಾಗೆ ನೋಡಿಕೊಳ್ಳಿ. ಫ್ಯಾಬ್ರಿಕೇಶನ್‌ನವರು ಅಲ್ಲೇ ಉದಾಸೀನ ಮಾಡುವುದು.